ನೆರೆಮನೆಯ ರಾಜಧಾನಿ

ಈ ತಿಂಗಳ ಬರಹವನ್ನು ಒಂದು ತಪ್ಪೊಪ್ಪಿಗೆಯಿಂದಲೇ ಆರಂಭಿಸಬೇಕಾಗಿದೆ.

ಸಂಕ್ರಾಂತಿ ಕಳೆದ ಮರುವಾರ ದೋರನಹಳ್ಳಿಯ ನಮ್ಮ ಮನೆಯಲ್ಲಿ ಗೃಹಪ್ರವೇಶವಿತ್ತು. ಸೊಸೆಯ ತವರಿನವರು ಮೈಸೂರಿನಿಂದ ಬಂದಿದ್ದರು. ಕಾರ್ಯವೆಲ್ಲ ಸಾಂಗವಾಗಿ ನೆರವೇರಿ, ಮರುದಿನ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿಯ ಊಟಕ್ಕೆ ಕುಳಿತಾಗ ಬೀಗರು ಸಹಜವಾಗಿ, "ನಿಮ್ಮ ಸೀಮೆಯಲ್ಲಿ ನೋಡತಕ್ಕದ್ದು ಏನಿದೆ?" ಎಂದು ಕೇಳಿದರು. ನಾವು ಕ್ಷಣವೂ ಯೋಚಿಸದೆ, "ಏನೂ ಇಲ್ಲ, ಬಿಸಿಲೊಂದಿದೆ" ಎಂದುಬಿಟ್ಟೆವು. ಎಲ್ಲರೂ ನಕ್ಕರು. ಕೈ ತೊಳೆಯುವಾಗ ಆ ಮಾತು ನಮ್ಮನ್ನೇ ಚುಚ್ಚತೊಡಗಿತು.

ನಮ್ಮ ಮನೆತನದಲ್ಲಿ ಮೈಸೂರನ್ನು ಎರಡು ಮೂರು ಬಾರಿ ನೋಡದವರು ಯಾರೂ ಇಲ್ಲ. ದಸರೆಯ ದೀಪಗಳು, ಚಾಮುಂಡಿ ಬೆಟ್ಟದ ನಂದಿ, ಮೃಗಾಲಯದ ಜಿರಾಫೆ ಎಲ್ಲವೂ ಮಕ್ಕಳಿಗೆ ಬಾಯಿಪಾಠ. ಆದರೆ ಶಹಾಪುರ ದಾಟಿದರೆ ಮುಕ್ಕಾಲು ಗಂಟೆಯೊಳಗೆ ಸಿಗುವ ಸುರಪುರಕ್ಕೆ ನಾವು ಹೋದದ್ದು ಎತ್ತು ಕೊಳ್ಳಲು, ಸಂಬಂಧ ಕುದುರಿಸಲು, ಸಾವಿನ ಮನೆಗೆ ಮಾತನಾಡಿಸಲು ಮಾತ್ರ. ಅದೊಂದು ರಾಜಧಾನಿ ಎಂಬುದನ್ನು ಶಾಲೆಯ ಪುಸ್ತಕದಲ್ಲಿ ಓದಿ ಪರೀಕ್ಷೆ ಬರೆದು ಮರೆತಿದ್ದೆವು. ಮೈಸೂರಿನಲ್ಲಿ ನಾವು ಕಣ್ಣರಳಿಸಿ ನೋಡುವ ಅರಮನೆ ಪೂರ್ಣಗೊಂಡದ್ದು 1912ರಲ್ಲಿ. ಅದಕ್ಕೂ ಐವತ್ತು ವರ್ಷಗಳಿಗೆ ಮೊದಲೇ ಸುರಪುರದ ಗೋಸಲ ವಂಶದ ಅರಸೊತ್ತಿಗೆ ತನ್ನ ಪೂರ್ಣಾಯುಷ್ಯವನ್ನು ಬಾಳಿ ಮುಗಿಸಿತ್ತು.

ಅಂದೇ ರಾತ್ರಿ ನಿಶ್ಚಯಿಸಿ, ಮರುದಿನ ನಸುಕಿನಲ್ಲಿ ಬುತ್ತಿ ಕಟ್ಟಿಕೊಂಡು ಎರಡು ವಾಹನಗಳಲ್ಲಿ ಹೊರಟೆವು. ಮನೆಯ ಹಿರಿಯರೊಬ್ಬರು ಮಾತ್ರ, "ಗದ್ದುಗೆಯಿಲ್ಲದ ಊರಿಗೆ ಎಂಥ ಪ್ರವಾಸ?" ಎಂದು ಮುಖ ಕಿವುಚಿದರು. ದೇವರ ದಾಸಿಮಯ್ಯನವರ ಮುದನೂರು, ವಚನಕಾರ ಭೋಗಣ್ಣನವರ ಕೆಂಭಾವಿ, ಕಾಲಜ್ಞಾನದ ಕೊಡೇಕಲ್ ಬಸವಣ್ಣನವರ ಕ್ಷೇತ್ರ, ಇವೆಲ್ಲ ಸುರಪುರದ ಸೀಮೆಯವೇ ಎಂದು ಹೇಳಿ, ಬರುವಾಗ ಮುದನೂರಿಗೆ ಕರೆದೊಯ್ಯುವ ಮಾತು ಕೊಟ್ಟ ಮೇಲೆ ಅವರು ಬಂಡಿ ಹತ್ತಿದರು.

ಶಹಾಪುರದ ಬೆಟ್ಟವನ್ನು ಬೆಳಗಿನ ಬೆಳಕಿನಲ್ಲಿ ನೋಡಬೇಕು. ನಾಲ್ಕು ಗುಡ್ಡಗಳ ಅಂಚು ಸೇರಿ ಅಂಗಾತ ಮಲಗಿದ ಬುದ್ಧನ ಆಕೃತಿ ಮೂಡುತ್ತದೆ. ನಿತ್ಯ ಆ ದಾರಿಯಲ್ಲಿ ಓಡಾಡುವ ನಮಗೆ ಅದು ಗುಡ್ಡ, ಮೈಸೂರಿನ ಮಕ್ಕಳಿಗೆ ಅದ್ಭುತ. ಸಮೀಪದ ವಿಭೂತಿಹಳ್ಳಿಯ ಬಯಲಿನಲ್ಲಿ ಆದಿಕಾಲದ ಜನರು ಸಾಲುಸಾಲಾಗಿ ನಿಲ್ಲಿಸಿ ಹೋದ ಕಲ್ಲುಗಳಿವೆ. ಹೊಲದ ಬದುವಿನ ಕಲ್ಲುಗಳೆಂದು ನಾವು ಭಾವಿಸಿದ್ದ ಅವುಗಳ ಕುರಿತು ಮೊದಲು ಬರೆದು ಜಗತ್ತಿಗೆ ತಿಳಿಸಿದವರು ಮೆಡೋಸ್ ಟೇಲರ್ ಎಂಬ ಆಂಗ್ಲರು. ಅವರ ಹೆಸರು ಈ ಬರಹದಲ್ಲಿ ಮತ್ತೆ ಬರುತ್ತದೆ.

ಸುರಪುರ ಗುಡ್ಡಗಳ ಮಡಿಲಲ್ಲಿರುವ ಊರು. ಓಣಿಗಳು ನೇರವಾಗಿ ಹೋಗುವುದನ್ನು ಅರಿಯವು. ಹತ್ತುತ್ತವೆ, ಇಳಿಯುತ್ತವೆ, ಬಂಡೆ ಅಡ್ಡ ಬಂದರೆ ಸುತ್ತು ಹಾಕುತ್ತವೆ. ವಯಸ್ಸಾದವರು ಗಟ್ಟಿಯಾದ ಚಪ್ಪಲಿ ಹಾಕಿಕೊಂಡು ಬರುವುದು ಕ್ಷೇಮ. ಮೊದಲ ನೋಟಕ್ಕೆ ನಮ್ಮ ಬೀಗರು ನಿರಾಶರಾದರೆಂಬುದನ್ನು ಮುಚ್ಚಿಡಲಾರೆವು. ಟಿಕೇಟಿನ ಕಿಟಕಿಯಿಲ್ಲ, ಸಮವಸ್ತ್ರದ ಮಾರ್ಗದರ್ಶಕರಿಲ್ಲ. ಅರಮನೆಯು ರಾಜಮನೆತನಕ್ಕೆ ಸೇರಿದ್ದಾದ್ದರಿಂದ ಒಳಗೆ ಹೋಗಬಯಸುವವರು ಅನುಮತಿ ಕೇಳಿಯೇ ಹೋಗತಕ್ಕದ್ದು. ನಾವು ಹೊರಗೆ ನಿಂತು ನೋಡಿ ತೃಪ್ತರಾದೆವು. ವೇಣುಗೋಪಾಲಸ್ವಾಮಿಯ ದೇವಾಲಯ ಅರಸರ ಭಕ್ತಿಯ ಗುರುತು. ಅಲ್ಲಿ ಗೋಕುಲಾಷ್ಟಮಿಯ ಸಮಯದಲ್ಲಿ ಜಾರುವ ಕಂಬವನ್ನೇರುವ ಉತ್ಸವ ನಡೆಯುತ್ತದೆ. ಆಗ ಬಂದರೆ ಊರೇ ಬೇರೆಯಾಗಿ ಕಾಣುತ್ತದೆ. ಇದೇ ಅರಸರ ಆಶ್ರಯದಲ್ಲಿ ಗರುಡಾದ್ರಿ ಮನೆತನದ ಕಲಾವಿದರು ಚಿನ್ನದ ಲೇಪನದಿಂದ ಬೆಳಗುವ ಚಿತ್ರಗಳನ್ನು ಬರೆದರು. ಸುರಪುರ ಶೈಲಿಯೆಂದು ಕಲಾಲೋಕ ಅದನ್ನು ಗುರುತಿಸುತ್ತದೆ.

ಅಲ್ಲಿಂದ ಗುಡ್ಡದ ಮೇಲಿನ ಬಂಗಲೆಗೆ ಹೋದೆವು. ಜನರ ಬಾಯಲ್ಲಿ ಅದು ಟೇಲರ್ ಮಂಜಿಲ್. ಅಂಗಳದಲ್ಲಿ ನಿಂತರೆ ಊರೆಲ್ಲ ಕಾಲ ಕೆಳಗೆ ಹರಡಿಕೊಳ್ಳುತ್ತದೆ. ಬುತ್ತಿ ಬಿಚ್ಚಿದ್ದು ಅಲ್ಲಿಯೇ. ನೋಡುವುದಕ್ಕೆ ಅದೊಂದು ಹಳೆಯ ಬಂಗಲೆ, ಅಷ್ಟೆ. ಆದರೆ ಅದರ ಕಥೆ ತಿಳಿದವರಿಗೆ ಅಲ್ಲಿ ಅನ್ನದ ತುತ್ತು ಸುಲಭವಾಗಿ ಇಳಿಯುವುದಿಲ್ಲ.

ಫಿಲಿಪ್ ಮೆಡೋಸ್ ಟೇಲರ್ ಹದಿನೈದರ ಹುಡುಗನಾಗಿ ಭಾರತಕ್ಕೆ ಬಂದು ನಿಜಾಮರ ಸೈನ್ಯ ಸೇರಿದವರು. 1841ರಲ್ಲಿ ಸುರಪುರದ ಆಡಳಿತದ ಹೊಣೆ ಹೊತ್ತು ಬಂದರು. ಅರಸು ಕೃಷ್ಣಪ್ಪನಾಯಕರು ತೀರಿಕೊಂಡಾಗ ಮಗ ವೆಂಕಟಪ್ಪನಾಯಕರಿಗೆ ಏಳರ ಆಸುಪಾಸಿನ ವಯಸ್ಸು. ತಾಯಿ ರಾಣಿ ಈಶ್ವರಮ್ಮನವರಿಗೂ ಟೇಲರರಿಗೂ ಅಧಿಕಾರದ ವಿಷಯದಲ್ಲಿ ಬಹುಕಾಲ ಸೆಣಸಾಟ ನಡೆಯಿತು. ಇವುಗಳ ನಡುವೆಯೂ ಬಾಲರಾಜರಿಗೆ ಓದು ಬರಹ, ಕುದುರೆ ಸವಾರಿ, ರಾಜ್ಯದ ಲೆಕ್ಕಪತ್ರಗಳ ಪರಿಚಯ ಮಾಡಿಸಿದವರು ಟೇಲರರೇ. ಹುಡುಗ ಅವರನ್ನು 'ಅಪ್ಪಾ' ಎಂದೇ ಕರೆಯುತ್ತಿದ್ದ. 1853ರಲ್ಲಿ, ಪ್ರಾಯಕ್ಕೆ ಬಂದ ರಾಜರ ಕೈಗೆ ರಾಜ್ಯವನ್ನೊಪ್ಪಿಸಿ ಟೇಲರ್ ಬೇರೆಡೆಗೆ ಹೊರಟುಹೋದರು.

ಮುಂದೆ 1857ರ ಬೆಂಕಿ ಹೊತ್ತಿತು. ಸುರಪುರದ ಬೇಡ ವೀರರು ಸುಮ್ಮನಿರುವ ಜನವಲ್ಲ. 1858ರ ಫೆಬ್ರವರಿಯಲ್ಲಿ ಕಂಪನಿಯ ಸೈನ್ಯ ಊರಿನ ಮೇಲೆ ಬಂತು. ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿ ಹತನಾದ. ಆದರೂ ಊರು ಉಳಿಯಲಿಲ್ಲ. ರಾಜರು ರಾತ್ರಿಯಲ್ಲಿ ಹೈದರಾಬಾದಿಗೆ ಹೋದರು. ಅಲ್ಲಿ ಸೆರೆಯಾಗಿ, ಸಾಲಾರ್ ಜಂಗರ ಮೂಲಕ ಬ್ರಿಟಿಷ್ ರೆಸಿಡೆಂಟರ ವಶವಾದರು.

ಆಗ ರೆಸಿಡೆಂಟರು ಸೆರೆಮನೆಗೆ ಕಳುಹಿಸಿದ್ದು ಟೇಲರರನ್ನೇ. ದಂಗೆಗೆ ಪ್ರಚೋದಿಸಿದವರ ಹೆಸರುಗಳನ್ನು ಹೇಳಿಸಬೇಕಾಗಿತ್ತು. 'ಅಪ್ಪಾ' ಎಂದು ಕರೆಯುವ ಬಾಯಿ ಅವರೆದುರು ತೆರೆದೀತೆಂಬ ಲೆಕ್ಕಾಚಾರ. ರಾಜರು ಅಳುತ್ತ ಟೇಲರರನ್ನು ಅಪ್ಪಿಕೊಂಡರು. ಹೆಸರನ್ನು ಮಾತ್ರ ಹೇಳಲಿಲ್ಲ. ಪ್ರಾಣಕ್ಕಾಗಿ ಅಂಗಲಾಚುವುದಿಲ್ಲ, ಕಳ್ಳನಂತೆ ಗಲ್ಲಿಗೇರಿಸುವ ಬದಲು ತೋಪಿನ ಬಾಯಿಗೆ ಕಟ್ಟಲಿ ಎಂಬುದು ಅವರ ಮಾತಿನ ಸಾರ. ಸೆರೆಮನೆಗಿಂತ, ಕರಿನೀರಿಗಿಂತ ಸಾವೇ ಲೇಸೆಂದೂ ಹೇಳಿದರು. ಮರಣದಂಡನೆಯಾಯಿತು, ಅದು ಗಡೀಪಾರಿಗೆ ಇಳಿಯಿತು, ಗವರ್ನರ್ ಜನರಲ್ ಅದನ್ನೂ ತಗ್ಗಿಸಿ, ಮದರಾಸಿನ ಬಳಿಯ ಚೆಂಗಲ್ಪಟ್ಟಿನಲ್ಲಿ ನಾಲ್ಕು ವರ್ಷದ ಸೆರೆಯೆಂದು ನಿರ್ಣಯಿಸಿದರು. ನಡತೆ ಸರಿಯೆನಿಸಿದರೆ ರಾಜ್ಯ ಮರಳುವ ಆಸೆಯೂ ಅದರಲ್ಲಿತ್ತು. ಆದರೆ 1858ರಲ್ಲೇ, ಸೆರೆಗೆ ಒಯ್ಯುವ ದಾರಿಯಲ್ಲಿ ಅಂಬೂರಿನ ಬಳಿ, ಬಿಡಾರದಲ್ಲಿ ಗುಂಡೊಂದು ಹಾರಿ ರಾಜರು ಮಡಿದರು. ಕಾವಲಿನ ಅಧಿಕಾರಿಯ ಪಿಸ್ತೂಲು ಅವರ ಕೈಗೆ ಸಿಕ್ಕಿತೆಂದು ಟೇಲರ್ ಬರೆದರು. ಕೊಂದರೆಂದು ನಂಬುವವರು ಸುರಪುರದಲ್ಲಿ ಇಂದಿಗೂ ಇದ್ದಾರೆ. ರಾಜರಿಗಾಗ ಇಪ್ಪತ್ತನಾಲ್ಕರ ಪ್ರಾಯ. ಇಪ್ಪತ್ತನಾಲ್ಕನೆಯ ವರ್ಷದಲ್ಲಿ ಮರಣವೆಂದು ಜಾತಕದಲ್ಲಿ ಮೊದಲೇ ಬರೆದಿತ್ತೆಂಬ ಸಂಗತಿಯನ್ನೂ ಟೇಲರ್ ದಾಖಲಿಸಿದ್ದಾರೆ. ಶರಣರ ಮಾರ್ಗದಲ್ಲಿ ಬೆಳೆದ ನಮಗೆ ಜಾತಕದಲ್ಲಿ ವಿಶ್ವಾಸವಿಲ್ಲ. ರಾಜರನ್ನು ಕೊಂಡೊಯ್ದದ್ದು ಗ್ರಹಗಳೆಂದು ನಾವು ಒಪ್ಪಲಾರೆವು.

1860ರಲ್ಲಿ ಬ್ರಿಟಿಷರು ಸುರಪುರ ಸೀಮೆಯನ್ನು ನಿಜಾಮರಿಗೆ ಕೊಟ್ಟುಬಿಟ್ಟರು.

ನಾವು ಇಷ್ಟನ್ನು ಹೇಳಿ ಮುಗಿಸುವಷ್ಟರಲ್ಲಿ ಬೀಗರ ಮೊಮ್ಮಗಳು, ಹತ್ತು ವರ್ಷದ ಹುಡುಗಿ, ರೊಟ್ಟಿಯನ್ನು ಕೈಯಲ್ಲೇ ಹಿಡಿದು, "ಅಪ್ಪಾ ಅಂತ ಕರೆಸಿಕೊಂಡವರು ಯಾಕೆ ಬಿಡಿಸಿಕೊಂಡು ಬರಲಿಲ್ಲ?" ಎಂದು ಕೇಳಿದಳು. ಟೇಲರರ ಕೈಯಲ್ಲಿ ಅಷ್ಟು ಅಧಿಕಾರವಿರಲಿಲ್ಲವೆಂದು ಒಬ್ಬರೆಂದರು. ಅವರು ಎಷ್ಟಾದರೂ ಆ ಕಡೆಯವರೆಂದು ಇನ್ನೊಬ್ಬರು. ವಾದ ಬೆಳೆಯಿತು. ನಮ್ಮ ಅಭಿಪ್ರಾಯವನ್ನು ಕೇಳಿದರೆ, ಅವರ ಪ್ರೀತಿ ಸುಳ್ಳಲ್ಲ. ಆದರೆ ಆ ಪ್ರೀತಿ ಅಂದು ಸೆರೆಮನೆಗೆ ಹೋದದ್ದು ಸರ್ಕಾರದ ಕೆಲಸ ಹೊತ್ತುಕೊಂಡು. ಇನ್ನೊಂದು ಮಾತು. ಸೆರೆಮನೆಯ ಭೇಟಿಯ ಕುರಿತು ನಾವು ಹೇಳಿದ್ದೆಲ್ಲವೂ ಟೇಲರರ ಆತ್ಮಕಥೆಯಿಂದ ಬಂದದ್ದು; ಅವರ ಮರಣಾನಂತರ 1877ರಲ್ಲಿ ಅದು ಅಚ್ಚಾಯಿತು. ಮಗ ಅಪ್ಪನ ಕುರಿತು ಏನು ಹೇಳುತ್ತಿದ್ದನೋ ಅದು ಯಾವ ಪುಸ್ತಕದಲ್ಲೂ ಇಲ್ಲ. ನಮ್ಮ ಸೀಮೆಯ ಮುದುಕಿಯರ ಹಾಡು ಮಾತುಗಳಲ್ಲಿ ಒಂದಿಷ್ಟು ಇದ್ದಿರಬೇಕು. ನಾವು ಕೂತು ಕೇಳಲಿಲ್ಲ. ನಮ್ಮ ಅಜ್ಜಿ ಹೇಳತೊಡಗಿದಾಗಲೂ ನಿದ್ದೆ ಬಂತೆಂದು ಎದ್ದು ಹೋದವರು ನಾವು.

ಹುಡುಗಿಗೆ ಸಮಾಧಾನವಾಗಲಿಲ್ಲ. ಬಂಗಲೆಯ ಗೋಡೆಯನ್ನೊಮ್ಮೆ ಮುಟ್ಟಿ ನೋಡಿ ಸುಮ್ಮನೆ ಬಂಡಿ ಹತ್ತಿದಳು.

ಮಧ್ಯಾಹ್ನ ವಾಗಣಗೇರಾ. ನಾಯಕರ ಹಿಂದಿನ ರಾಜಧಾನಿ ಇದು. 1705ರಲ್ಲಿ ಎಂಬತ್ತಾರು ದಾಟಿದ ಔರಂಗಜೇಬನು ತಾನೇ ದಂಡೆತ್ತಿ ಬಂದು ಮುತ್ತಿದ ಕೋಟೆ. ಅವನ ಜೀವಿತದ ಕೊನೆಯ ಮುತ್ತಿಗೆ. ದಿಲ್ಲಿಯ ಬಾದಶಹ ಸುಮಾರು ಮೂರು ತಿಂಗಳು ಹೆಣಗಿದ್ದು ಈ ಗುಡ್ಡದ ಮುಂದೆ. ಮರಾಠರು ನಾಯಕರ ನೆರವಿಗೆ ಬಂದರು. ಕೊನೆಗೆ ಕೋಟೆ ಬಿದ್ದಿತಾದರೂ ಪಿಡ್ಡನಾಯಕರು ಕೈಗೆ ಸಿಗಲಿಲ್ಲ. ರಾತ್ರಿಯಲ್ಲಿ ಪರಿವಾರ ಸಮೇತ ಜಾರಿಕೊಂಡಿದ್ದರು. ಬರಿದಾದ ಕೋಟೆಗೆ ಬಾದಶಹ ರಹಮಾನ್ ಬಕ್ಷ್ ಎಂದು ಹೆಸರಿಟ್ಟ. ಹೆಸರು ಅವನೊಂದಿಗೇ ಹೋಯಿತು, ವಾಗಣಗೇರಾ ವಾಗಣಗೇರಾವಾಗಿಯೇ ಉಳಿಯಿತು. ಅಲ್ಲಿಂದ ಹತ್ತಿರದ ದೇವಾಪುರದಲ್ಲಿ ಬೀಡುಬಿಟ್ಟಾಗ ಅವನು ಹಾಸಿಗೆ ಹಿಡಿದ. ಚೇತರಿಸಿಕೊಂಡು ಹೊರಟವನು 1707ರಲ್ಲಿ ಅಹ್ಮದನಗರದಲ್ಲಿ ಕಣ್ಣು ಮುಚ್ಚಿದ. ಜೈಮಿನಿ ಭಾರತದ ಲಕ್ಷ್ಮೀಶ ಕವಿ ತನ್ನ ಊರೆಂದು ಹೇಳಿಕೊಂಡ ದೇವಪುರ ಇದೇ ದೇವಾಪುರವೆಂದು ಈ ಕಡೆಯವರು ವಾದಿಸುತ್ತಾರೆ. ಕಡೂರಿನ ದೇವನೂರೆಂದು ಆ ಕಡೆಯವರು. ನಮ್ಮ ಬೀಗರು ಕಡೂರಿನ ಪರ. ಅತಿಥಿಗಳಾದ್ದರಿಂದ ನಾವು ಸುಮ್ಮನಿದ್ದೆವು.

ಕೋಟೆಗೆ ದಾರಿ ತೋರಿಸುವ ಫಲಕವೊಂದನ್ನೂ ನಾವು ಕಾಣಲಿಲ್ಲ. ಕುರಿ ಕಾಯುವ ಹುಡುಗನೊಬ್ಬ ಮುಂದೆ ನಡೆದು ಬುರುಜು ತೋರಿಸಿದ. ಕೊಟ್ಟ ಹಣವನ್ನು ಮುಟ್ಟಲಿಲ್ಲ. ಉಳಿದ ಶೇಂಗಾ ಹೋಳಿಗೆಗೆ ಮಾತ್ರ ಒಪ್ಪಿದ.

ಸಂಜೆಗೆ ಬೋನಾಳ ಕೆರೆ. ಟೇಲರ್ ಈ ಕೆರೆಯನ್ನು ದುರಸ್ತಿ ಮಾಡಿಸಿ, ನೀರಿನಲ್ಲಿ ಹಾಯಿದೋಣಿ ಬಿಟ್ಟು ವಿಹರಿಸುತ್ತಿದ್ದರಂತೆ. ಈಗದು ಪಕ್ಷಿಧಾಮ. ಚಳಿಗಾಲದಲ್ಲಿ ದೂರದೇಶದ ಹಕ್ಕಿಗಳು ಬಂದಿಳಿಯುತ್ತವೆ. ಹೋಗುವವರು ಮಾಘ ಕಳೆಯುವುದರೊಳಗೆ, ಬೆಳಗು ಅಥವಾ ಸಂಜೆ ಹೋಗಬೇಕು. ನೆತ್ತಿಯ ಬಿಸಿಲಿನಲ್ಲಿ ಕಾಣುವುದು ನೀರು ಮಾತ್ರ. ಇನ್ನೊಂದು ದಿನ ಕೈಯಲ್ಲಿದ್ದರೆ ಕೃಷ್ಣೆಯ ದಡದ ತಿಂಥಣಿಗೆ ಹೋಗಬಹುದು. ದೇವರಗೋನಾಳದಲ್ಲಿ ಹುಟ್ಟಿದ ಮೌನೇಶ್ವರರು ಐಕ್ಯರಾದ ಆ ತಾಣಕ್ಕೆ ಹಿಂದೂ ಮುಸಲ್ಮಾನರಿಬ್ಬರೂ ನಡೆದುಕೊಳ್ಳುತ್ತಾರೆ.

ಕೆರೆಯ ಏರಿಯಿಂದ ಇಳಿಯುವಾಗ ಕತ್ತಲಾಗಿತ್ತು. ಮುದನೂರು ಉಳಿದೇ ಹೋಯಿತು. ಶಹಾಪುರದವರೆಗೂ ಹಿರಿಯರು ನಮ್ಮೊಡನೆ ಮಾತನಾಡಲಿಲ್ಲ. ಹತ್ತಿ ಬಿಡಿಸುವುದು ಮುಗಿದ ಸೋಮವಾರವೇ ಹೊರಡುವುದೆಂದು ದಿನ ಗೊತ್ತು ಮಾಡಿಸಿಕೊಂಡ ಮೇಲೆಯೇ ಅವರು ಅಂಗಡಿಯ ಚಹಾ ಕುಡಿದದ್ದು.