ಮೂಲೆಯಲ್ಲಿ ಕೂರಿಸುವುದು ಸುರಕ್ಷತೆಯಲ್ಲ

ಅಂಗವಿಕಲ ಮಕ್ಕಳನ್ನು ಪಿ.ಟಿ. ಪೀರಿಯಡ್‌ಗೆ ಸೇರಿಸಿದರೆ ಅವರಿಗೂ ಅಪಾಯ, ಉಳಿದವರ ಆಟವೂ ಕೆಡುತ್ತದೆ, ಶಿಕ್ಷಕರಿಗೆ ತರಬೇತಿಯೂ ಇಲ್ಲ ಎಂಬುದು ಕಳೆದ ವಾರದ ಲೇಖನವೊಂದರ ವಾದ. ಅಪಾಯದ ಮಾತಿಗೆ ಬಂದರೆ, ಕಬಡ್ಡಿಯಲ್ಲಿ ಮೊಣಕಾಲು ತರಚಿಕೊಂಡವರನ್ನು ಯಾರೂ ತರಗತಿಯಲ್ಲಿ ಕೂಡಿಹಾಕುವುದಿಲ್ಲ. ಆಟ ಕೆಡುತ್ತದೆಯೇ? ವಾಲಿಬಾಲ್ ನೆಟ್ಟನ್ನು ಒಂದು ಮೀಟರ್ ಆಸುಪಾಸಿಗೆ ಇಳಿಸಿ, ಎಲ್ಲರನ್ನೂ ನೆಲಕ್ಕೆ ಕೂರಿಸಿ ಆಡಿಸಿ ನೋಡಿ: ಕೂತಲ್ಲಿಂದ ಏಳದೆ ಕೈಯೂರಿ ಚೆಂಡಿನತ್ತ ಸರಿಯುವಷ್ಟರಲ್ಲಿ ಗಟ್ಟಿಮುಟ್ಟಾದ ಹುಡುಗರೂ ಬೆವರುತ್ತಾರೆ. ಕಿವುಡ ಮಗುವಿಗೆ ಸೀಟಿಯ ಜೊತೆಗೆ ಬಾವುಟವನ್ನೂ ಎತ್ತಿದರಾಯಿತು.

ಈ ಮಕ್ಕಳನ್ನು ಆಟಕ್ಕೆ ಸೇರಿಸುವುದು ಶಾಲೆಯ ಔದಾರ್ಯದ ಪ್ರಶ್ನೆಯೂ ಅಲ್ಲ. ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳು ಅಂಗವಿಕಲ ಮಕ್ಕಳಿಗೂ ಇತರರಿಗೆ ಸಮನಾಗಿ ಕ್ರೀಡಾವಕಾಶ ಕೊಡಬೇಕೆಂದು 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 16ನೇ ಸೆಕ್ಷನ್ ಹೇಳುತ್ತದೆ. ತರಬೇತಿಯ ಕೊರತೆ ಮಾತ್ರ ನಿಜ. ಹಾಗಿದ್ದರೆ ಇಲಾಖೆಯನ್ನು ತರಬೇತಿ ಕೇಳಿ. ಮಗುವಿನ ಕೈಗೆ ಸ್ಕೋರ್ ಪುಸ್ತಕ ಕೊಟ್ಟು ಮರದಡಿ ಕೂರಿಸಬೇಡಿ.