ಉಸಿರಾಡುವ ಮೂರ್ತಿಗಳು

ಕುಣಿಯುವವನನ್ನೂ ಹಾಡುವವನನ್ನೂ ಕಲಾವಿದನೆಂದು ಒಪ್ಪುವ ಲೋಕವು ಕದಲದೆ ಕುಳಿತವನನ್ನು ಹಾಗೆ ಒಪ್ಪಲು ಹಿಂಜರಿಯುತ್ತದೆ. ‘ಸುಮ್ಮನೆ ಕೂರುವುದೂ ಒಂದು ಕಲೆಯೇ?’ ಎಂದು ಮೂಗು ಮುರಿಯುವವರುಂಟು. ಅಂಥವರು ಹೋಳಿಯ ಕಾಲದಲ್ಲಿ ರಾಣೆಬೆನ್ನೂರನ್ನು ಕಾಣಬೇಕು.

ಧಾರವಾಡದ ಸಪ್ತಾಪುರದಿಂದ ಹುಬ್ಬಳ್ಳಿ, ಹಾವೇರಿಗಳ ಮಾರ್ಗವಾಗಿ ಸಾಗಿದರೆ ಈ ಊರು ಸಿಗುತ್ತದೆ. ಹುಬ್ಬಳ್ಳಿಯ ಓಣಿಗಳಲ್ಲಿ ಹೋಳಿಗೆ ಕಾಮಣ್ಣನ ಮೂರ್ತಿಗಳನ್ನು ಕೂರಿಸುತ್ತಾರೆ. ರಾಣೆಬೆನ್ನೂರಿನಲ್ಲಾದರೋ ಬಣ್ಣ ಹಚ್ಚಿ, ಆಭರಣ ತೊಟ್ಟ ಮನುಷ್ಯರೇ ರತಿ-ಮನ್ಮಥರ ಮೂರ್ತಿಗಳಾಗಿ ಕೂರುತ್ತಾರೆ. ನೆರೆದವರು ನಗೆಮಾತು, ಅಣಕಗಳಿಂದ ಅವರನ್ನು ನಗಿಸಲು ಹೆಣಗುತ್ತಾರೆ, ನಗಿಸಿದವರಿಗೆ ಬಹುಮಾನವುಂಟು. ಶಿವನ ತಪಸ್ಸನ್ನು ಕೆಡಿಸಹೋದ ಮನ್ಮಥನೇ ಇಲ್ಲಿ ತಪಸ್ವಿ. ಕೆಡಿಸಲು ಹೊರಟವರು ಜನರು!

ದೂರದ ಸ್ಪೇನ್ ದೇಶದಲ್ಲಿ ಬಾರ್ಸಿಲೋನಾ ನಗರದ ಲಾ ರಾಂಬ್ಲಾ ಬೀದಿಯೂ ಇಂಥ ಕಲೆಗೆ ಹೆಸರಾದುದು. ಮೈಗೆ ಲೋಹದ ಬಣ್ಣ ಬಳಿದುಕೊಂಡ ಕಲಾವಿದರು ಅಲ್ಲಿ ಪ್ರತಿಮೆಗಳಂತೆ ನಿಲ್ಲುವರು. ಬಹುಹೊತ್ತು ಕದಲದೆ ನಿಂತವನ ಕಾಲುಗಳಲ್ಲಿ ರಕ್ತ ತಂಗುತ್ತದೆ. ತಲೆ ಸುತ್ತುವುದೂ ಉಂಟು. ಕಲ್ಲಿಗೆ ನಿಶ್ಚಲತೆ ಸ್ವಭಾವ. ಮನುಷ್ಯನಿಗೆ ಅದು ಸಾಧನೆ. ಆದುದರಿಂದಲೇ ಅದು ಕಲೆ.

ಈ ಕಲೆಯಲ್ಲಿ ಪ್ರೇಕ್ಷಕನಿಗೂ ಹೊಣೆಯಿದೆ. ಮಾತಿನ ಚಾತುರ್ಯದಿಂದ ನಗಿಸುವುದು ಸರಸವಾದ ಪಂದ್ಯ. ಆದರೆ ‘ನಿಜವಾದ ಮನುಷ್ಯನೋ ಬೊಂಬೆಯೋ ನೋಡೋಣ’ ಎಂದು ಚಿವುಟುವವನು, ತಳ್ಳುವವನು ಕಲಾವಿದನನ್ನು ಗೆಲ್ಲುವುದಿಲ್ಲ. ತನ್ನ ಸಂಸ್ಕಾರದ ಕೊರತೆಯನ್ನು ಸಾರುತ್ತಾನೆ. ಬಣ್ಣದ ಅಡಿಯಲ್ಲಿ ಉಸಿರಿದೆ ಎಂಬುದನ್ನು ಮರೆಸುವುದು ಕಲಾವಿದನ ಜಾಣ್ಮೆ. ಅದನ್ನು ಮರೆಯದಿರುವುದು ನೋಡುವವನ ಧರ್ಮ.