ಇಷ್ಟಲಿಂಗಧಾರಿಯೂ ಗೋಪಾಲನ ಬೆಟ್ಟವೂ



ಅಂಗದ ಮೇಲೆ ಲಿಂಗ ಧರಿಸಿದವರು ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗಬಹುದೇ ಎಂದು ಹಂಗಳದ ಕಡೆಯ ಹಿರಿಯರು ನಮ್ಮನ್ನು ಕೇಳುವುದುಂಟು. ಧಾರಾಳವಾಗಿ ಹೋಗಿಬನ್ನಿ ಎಂದೇ ನಾವು ಹೇಳುತ್ತೇವೆ. ಬೆಳಗಿನ ಇಷ್ಟಲಿಂಗ ಪೂಜೆಯನ್ನು ಮಾತ್ರ ತಪ್ಪಿಸಬೇಡಿ.

ಹೊಯ್ಸಳ ಮುಮ್ಮಡಿ ಬಲ್ಲಾಳನ ಕಾಲದಲ್ಲಿ, 1315ರಲ್ಲಿ, ಮಾಧವ ದಂಡನಾಯಕನು ಕಟ್ಟಿಸಿದ ಗುಡಿಯದು. ಮಂಜು ಕವಿದ ಆ ಎತ್ತರದಲ್ಲಿ ಸ್ವಾಮಿಯು ಮರದಡಿ ಕೊಳಲೂದುತ್ತಾ ನಿಂತಿದ್ದಾನೆ. ಗೋವುಗಳೂ ಗೋವಳರೂ ಜೊತೆಗಿದ್ದಾರೆ. ದನಕರು ಸಾಕಿ ಬದುಕುವ ನಮ್ಮ ರೈತನಿಗೆ ಆ ಮೂರ್ತಿ ಪರಕೀಯವಾಗುವುದೆಂತು? ಅಲ್ಲಿಯ ಹಂಸತೀರ್ಥದಲ್ಲಿ ಮಿಂದ ಕಾಗೆ ಹಂಸವಾಯಿತಂತೆ; ಆದ್ದರಿಂದಲೇ ಬೆಟ್ಟದಲ್ಲಿ ಕಾಗೆಗಳಿಲ್ಲ ಎಂಬುದು ಐತಿಹ್ಯ. ಕಾಗೆಯ ಕುಲ ಕೇಳದ ತೀರ್ಥವು ಭಕ್ತನ ಮತವನ್ನು ಕೇಳೀತೇ?

ಈಗ ಖಾಸಗಿ ವಾಹನಗಳು ತಪ್ಪಲಲ್ಲೇ ನಿಲ್ಲಬೇಕು, ಮೇಲಕ್ಕೆ ಸರ್ಕಾರಿ ಬಸ್ಸು. ಇದು ತೊಂದರೆಯೆಂದು ಗೊಣಗುವವರಿದ್ದಾರೆ. ನಮಗಂತೂ ಸರಿಯೆನಿಸಿದೆ. ಅದು ಬಂಡೀಪುರದ ಕಾಡು, ಆನೆಗಳು ಓಡಾಡುವ ದಾರಿ. ಹಣ್ಣುಕಾಯಿ ಒಯ್ದ ಪ್ಲಾಸ್ಟಿಕ್ ಚೀಲವನ್ನು ಅಲ್ಲಿ ಬಿಸಾಡದೆ ಕೆಳಕ್ಕೆ ತನ್ನಿ. ಮೊಮ್ಮಕ್ಕಳು ಬಿಸಾಡಿದರೆ, ಹಿರಿಯರಾದ ನೀವೇ ನಿಂತು ಹೆಕ್ಕಿಸಿ.